ಚಕ್ರ ತೊಳೆದ ಮೇಲೂ ಬಿಳಿ ಕಲೆ, ಬೂದು ಪೊರೆ ಉಳಿಯುತ್ತದೆ: ಏನು ಮಾಡಬೇಕು?

ಕೆಂಗೇರಿ ಸವಾರ:

ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಎಂಜಿನ್ ಚೆನ್ನಾಗಿದೆ, ಬಾಡಿ ಚೆನ್ನಾಗಿದೆ. ತಲೆನೋವು ಚಕ್ರಗಳದ್ದು. ಕಪ್ಪು ಬೆಳ್ಳಿ ಎರಡೂ ಬಣ್ಣ ಇರುವ, ಲೋಹವನ್ನು ಕೊರೆದು ಹೊಳಪು ಬರಿಸಿದ ಡೈಮಂಡ್ ಕಟ್ ಅಲಾಯ್ ಚಕ್ರ. ಪ್ರತಿ ಭಾನುವಾರ ನಾನೇ ತೊಳೆಯುತ್ತೇನೆ. ಒದ್ದೆ ಇರುವಾಗ ಶೋರೂಮಿನಿಂದ ಈಗ ತಾನೇ ಬಂದ ಹಾಗೆ ಹೊಳೆಯುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ಕಡ್ಡಿಗಳ ಮೇಲೆಲ್ಲ ಬಿಳಿ ಚುಕ್ಕೆ. ನಟ್ಟಿನ ಗುಂಡಿಗಳಿಂದ ಕೆಳಕ್ಕೆ ಇಳಿದ ಬಿಳಿ ಗೆರೆ. ಬೆರಳಾಡಿಸಿದರೆ ಬೂದು ಪೊರೆ ಅಂಟುತ್ತದೆ. ಮುಂದಿನ ಎರಡು ಚಕ್ರಗಳಲ್ಲಿ ಜಾಸ್ತಿ.

ಬಳಸುವುದು ಬಟ್ಟೆ ಒಗೆಯುವ ಪುಡಿ, ಬೇಸ್‌ಮೆಂಟಿನಲ್ಲಿ ಇಟ್ಟಿರುವ ಡ್ರಮ್ಮಿನ ನೀರು, ಒರೆಸಲು ಹಳೆಯ ಬನಿಯನ್. ಎರಡು ಬಕೆಟ್ ನೀರು ಸುರಿದರೂ ಅಷ್ಟೇ, ನಾಲ್ಕು ಸುರಿದರೂ ಅಷ್ಟೇ. ಕಾರು ಕೊಂಡ ಖುಷಿಯೇ ಇದರಿಂದ ಅರ್ಧ ಆಗಿದೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ತುಮಕೂರು ಗ್ಯಾರೇಜ್:

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅದು ಯಾವ ಕಲೆ ಅಂತ ತಿಳಿಯಬೇಕು. ಒಂದೊಂದಕ್ಕೂ ಮದ್ದು ಬೇರೆ. ಕಲೆ ಇರುವ ಜಾಗಕ್ಕೆ ಸ್ವಲ್ಪ ನೀರು ಹಚ್ಚಿ. ಒದ್ದೆ ಇರುವವರೆಗೆ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಅದು ನೀರಿನ ಉಪ್ಪು. ಬೆರಳಿಗೆ ಬೂದು ಪುಡಿ ಅಂಟಿದರೆ ಸೋಪು ಮತ್ತು ಬ್ರೇಕ್ ಧೂಳು ಸೇರಿದ ಪೊರೆ. ಜಿಡ್ಡು ಅನಿಸಿದರೆ ಟೈರ್ ಪಾಲಿಶ್ ಅಥವಾ ಸೀಮೆಎಣ್ಣೆ. ಕಂದು ಚುಕ್ಕೆಗಳು ಕೈಗೆ ಮರಳುಕಾಗದದ ಹಾಗೆ ಒರಟಾಗಿ ಸಿಕ್ಕರೆ ಅದು ಮೇಲ್ಪದರದೊಳಗೆ ಕೂತ ಕಬ್ಬಿಣ.

ಮುಂದಿನ ಚಕ್ರಗಳಲ್ಲಿ ಜಾಸ್ತಿ ಯಾಕೆ ಅಂದರೆ, ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಪ್ಯಾಡ್ ಸವೆಯುತ್ತದೆ, ಬೀಡುಕಬ್ಬಿಣದ ಡಿಸ್ಕೂ ಸವೆಯುತ್ತದೆ. ಆ ಪುಡಿ ಬಿಸಿಯಾಗಿಯೇ ಹಾರಿ ಅಲಾಯ್ ಮೇಲೆ ಕೂರುತ್ತದೆ. ಆಮೇಲೆ ನೀರು ತಾಗಿ ತುಕ್ಕು ಹಿಡಿಯುತ್ತದೆ. ಸೋಪು ಇದನ್ನು ತೆಗೆಯುವುದಿಲ್ಲ, ಸುತ್ತಲಿನ ಕೊಳೆ ಮಾತ್ರ ತೆಗೆಯುತ್ತದೆ.

ನಿಮ್ಮದು ಒಂದೇ ಕಾಯಿಲೆ ಅಲ್ಲ, ಎರಡು ಮೂರು ಸೇರಿಕೊಂಡಿವೆ ಅಂತ ನನಗೆ ಅನಿಸುತ್ತದೆ. ಆ ಡ್ರಮ್ಮಿಗೆ ಎಲ್ಲಿಯ ನೀರು ಬರುತ್ತದೆ ಅಂತ ಕೇಳಿ ನೋಡಿ.

ಹೈವೇ ಹಕ್ಕಿ:

ಇಷ್ಟೆಲ್ಲ ಯೋಚನೆ ಬೇಡ. ನಮ್ಮ ಏರಿಯಾದ ಒಂದು ವಾಷಿಂಗ್ ಸೆಂಟರಿನಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್‌ಗೆ ನೀರು ಬೆರೆಸಿ ಹೊಡೆಯುತ್ತಾರೆ. ಬ್ರಷ್ ಕೂಡ ಬೇಡ. ಎರಡೇ ನಿಮಿಷಕ್ಕೆ ಪಳಪಳ. ನಾನು ಮೂರು ಸಲ ಮಾಡಿಸಿದ್ದೇನೆ.

ರಸಾಯನ ಮೇಷ್ಟ್ರು:

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ಆ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಅಲಾಯ್ ಅಂದರೆ ಹೆಚ್ಚಿನ ಪಾಲು ಅಲ್ಯೂಮಿನಿಯಂ. ಮೇಲೆ ಪಾರದರ್ಶಕ ಲ್ಯಾಕರ್ ಪದರ ಇರುವವರೆಗೆ ತಡೆದುಕೊಳ್ಳುತ್ತದೆ. ಆದರೆ ಕಲ್ಲು ಸಿಡಿದು ಪದರ ಚೂರು ಎದ್ದಿರುವ ಜಾಗ ಪ್ರತಿ ಚಕ್ರದಲ್ಲೂ ಇರುತ್ತದೆ. ಅಲ್ಲಿ ಆಮ್ಲ ಒಳಗೆ ಹೋಗಿ ಲೋಹವನ್ನೇ ತಿನ್ನುತ್ತದೆ. ಕೊಳೆ ಹೋಗಿ ಹೊಳಪು ಬಂತು ಅಂತ ಕಾಣುತ್ತದೆ. ಕೆಲವು ವಾರ ಕಳೆದ ಮೇಲೆ ಮಂಕು ಮಚ್ಚೆ ಏಳುತ್ತದೆ. ಅದು ಮೇಲೆ ಕೂತ ಕಲೆಯಲ್ಲ, ಲೋಹಕ್ಕೆ ಆದ ಗಾಯ. ಯಾವ ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಆಮ್ಲದ ಹನಿ ಒಳಗಿನ ಡಿಸ್ಕ್, ಬೋಲ್ಟುಗಳಿಗೆ ತಾಗಿ ಅಲ್ಲೂ ತುಕ್ಕು ಬೇಗ ಹಿಡಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲವು ಕಡೆ ಕ್ಯಾನಿನಲ್ಲಿ ಸಿಗುವ ವೀಲ್ ಆಸಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಚರ್ಮಕ್ಕೆ ತಾಗಿದಾಗ ಮೊದಲು ಉರಿಯೂ ಗೊತ್ತಾಗದೆ ಇರಬಹುದು. ಆದರೆ ಅದು ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಮೂಳೆಯವರೆಗೆ ಹೋಗುತ್ತದೆ. ವಾಷಿಂಗ್ ಸೆಂಟರಿನ ಹುಡುಗರು ಕೈಗವಸು ಇಲ್ಲದೆ ಚಪ್ಪಲಿಯಲ್ಲೇ ನಿಂತಿರುತ್ತಾರೆ. ನನಗೆ ಚಕ್ರಕ್ಕಿಂತ ಅವರದ್ದೇ ಚಿಂತೆ. ನಿಮ್ಮ ಗಾಡಿ ಬಿಡುವ ಮುಂಚೆ "ಆಸಿಡ್ ಹಾಕಬೇಡಿ" ಅಂತ ಹೇಳಿ, ಅಷ್ಟಾದರೂ ಮಾಡಿ.

ಬಟ್ಟೆ ಪುಡಿಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದು ಕ್ಷಾರ. ಬರಿಯ ಅಲ್ಯೂಮಿನಿಯಂಗೆ ಕ್ಷಾರವೂ ಆಗದು. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ತೊಳೆದರೆ ಕಪ್ಪಾಗುವುದು ಅಡುಗೆಮನೆಯಲ್ಲಿ ನೋಡಿರುತ್ತೀರಿ. ಜೊತೆಗೆ ಪುಡಿ ಪೂರ್ತಿ ಕರಗುವುದಿಲ್ಲ. ಗಡಸು ನೀರಿನಲ್ಲಂತೂ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಷ್ಟಾಗಿ ಕೂರುತ್ತದೆ. ಕಾರಿಗೆಂದೇ ಇರುವ ಶಾಂಪೂ ತಗೊಳ್ಳಿ, ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ.

ಹೈವೇ ಹಕ್ಕಿ:

ಮೇಷ್ಟ್ರೇ, ನೀವು ಹೇಳಿದ ಮೇಲೆ ಹೋಗಿ ನೋಡಿದೆ. ಎಡಗಡೆ ಮುಂದಿನ ಚಕ್ರದ ಅಂಚಿನಲ್ಲಿ ಬಿಳಿಚಿಕೊಂಡ ಮಚ್ಚೆ ಇದೆ. ಅದನ್ನು ಇಷ್ಟು ದಿನ ಕೊಳೆ ಅಂದುಕೊಂಡು ಉಜ್ಜುತ್ತಿದ್ದೆ. ಇನ್ನು ಆಸಿಡ್ ಮಾಡಿಸುವುದಿಲ್ಲ.

ಕೆಂಗೇರಿ ಸವಾರ:

ತುಮಕೂರಿನವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಸೆಕ್ಯುರಿಟಿಯವರನ್ನು ಕೇಳಿದೆ. 2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಹೇಳಿತ್ತಲ್ಲ, ಆಗ ನಮ್ಮ ಅಪಾರ್ಟ್‌ಮೆಂಟಿನವರು ಆರ್‌ಒ ಘಟಕದಿಂದ ಹೊರಬೀಳುವ ನೀರನ್ನು ಚರಂಡಿಗೆ ಬಿಡದೆ ಆ ಡ್ರಮ್ಮಿಗೆ ತಿರುಗಿಸಿದರಂತೆ. ಅಂದಿನಿಂದ ಎಲ್ಲರೂ ಗಾಡಿ ತೊಳೆಯುವುದು ಅದರಲ್ಲೇ.

ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಪಕ್ಕದ ಮನೆಯವರ ಹತ್ತಿರ ಇತ್ತು. ಬೋರ್‌ವೆಲ್ ನೀರು 1,180 ತೋರಿಸಿತು. ಮನೆಯ ಆರ್‌ಒ ನೀರು 38. ಡ್ರಮ್ಮಿನ ನೀರು 1,900 ದಾಟಿತು!

ರಸಾಯನ ಮೇಷ್ಟ್ರು:

ನಿಮ್ಮ ಬಿಳಿ ಚುಕ್ಕೆ ಬರುತ್ತಿರುವುದು ಅಲ್ಲಿಂದಲೇ. ಆರ್‌ಒ ಉಪ್ಪನ್ನು ನಾಶ ಮಾಡುವುದಿಲ್ಲ, ಒಂದು ಕಡೆಯ ನೀರಿನಿಂದ ತೆಗೆದು ಇನ್ನೊಂದು ಕಡೆಗೆ ತಳ್ಳುತ್ತದೆ. ನೀವು ಅಲಾಯ್‌ಗೆ ಸುರಿಯುತ್ತಿದ್ದದ್ದು ಆ ಇನ್ನೊಂದು ಕಡೆಯ ನೀರು.

ಲೆಕ್ಕ ಹಾಕೋಣ. ಟಿಡಿಎಸ್ 1,900 ಅಂದರೆ ಒಂದು ಲೀಟರಿನಲ್ಲಿ 1,900 ಮಿಲಿಗ್ರಾಂ ಲವಣ. ತೊಳೆದ ಮೇಲೆ ಒಂದು ಚಕ್ರದ ಮೇಲೆ, ಸಂದುಗೊಂದುಗಳಲ್ಲಿ ಸೇರಿ 50 ಮಿಲಿಲೀಟರ್ ನೀರು ಉಳಿಯಿತು ಅಂತ ಇಟ್ಟುಕೊಳ್ಳಿ. ಅದು ಆರಿದರೆ 95 ಮಿಲಿಗ್ರಾಂ ಪುಡಿ ಚಕ್ರದ ಮೇಲೇ ಉಳಿಯುತ್ತದೆ. ನೀರು ಆವಿಯಾಗಬಹುದು, ಉಪ್ಪು ಆಗುವುದಿಲ್ಲ. ಅದೇ 38 ಟಿಡಿಎಸ್ ನೀರಾದರೆ ಎರಡು ಮಿಲಿಗ್ರಾಂ ಕೂಡ ಇಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 500, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೆ. ನಿಮ್ಮ ಡ್ರಮ್ಮು ಆ ಕೊನೆಯ ಗೆರೆಯ ಹತ್ತಿರ ಇದೆ.

ನಾಲ್ಕು ಬಕೆಟ್ ಸುರಿದರೂ ಯಾಕೆ ಹೋಗಲಿಲ್ಲ ಅಂತ ಈಗ ಗೊತ್ತಾಯಿತಲ್ವಾ? ಎಷ್ಟು ಸುರಿದರೂ ಕೊನೆಗೆ ಉಳಿಯುವ ಹನಿ ಅದೇ ನೀರಿನದು.

ರಾಜಾಜಿನಗರ ಅಕ್ಕ:

ನನ್ನದೊಂದು ತಕರಾರು. ಇಲ್ಲಿ ಓದಿದವರೆಲ್ಲ ನಾಳೆಯಿಂದ ಆರ್‌ಒ ನೀರಲ್ಲಿ ಕಾರು ತೊಳೆಯಲು ಶುರು ಮಾಡಿದರೆ ಕಷ್ಟ. ಒಂದು ಲೀಟರ್ ಒಳ್ಳೆಯ ನೀರಿಗೆ ಅದಕ್ಕಿಂತ ಜಾಸ್ತಿ ನೀರು ಹೊರಗೆ ಹೋಗುತ್ತದೆ. ಆ ಬೇಸಿಗೆಯಲ್ಲಿ ನಾವು ಟ್ಯಾಂಕರ್‌ಗಾಗಿ ರಾತ್ರಿ ಎದ್ದು ಕೂತವರು. ಡ್ರಮ್ಮಿಗೆ ತಿರುಗಿಸಿದ ಅಪಾರ್ಟ್‌ಮೆಂಟಿನವರು ಮಾಡಿದ್ದು ಸರಿಯಾದ ಕೆಲಸ. ಚಕ್ರದ ಹೊಳಪಿಗಾಗಿ ಅದನ್ನು ಬಿಡಬೇಡಿ.

ತುಮಕೂರು ಗ್ಯಾರೇಜ್:

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಬಿಡುವ ಅಗತ್ಯವೂ ಇಲ್ಲ. ಕೊಳೆ ಬಿಡಿಸಲು, ಸೋಪು ತೊಳೆಯಲು ಡ್ರಮ್ಮಿನ ನೀರೇ ಸಾಕು. ಕೊನೆಯ ಒಂದು ಸಲ ಮಾತ್ರ ಒಳ್ಳೆಯ ನೀರು ಬೇಕು. ಅದಕ್ಕೂ ಬಕೆಟ್ ಬೇಡ. ಗಿಡಕ್ಕೆ ಔಷಧಿ ಹೊಡೆಯುವ ಚಿಕ್ಕ ಪಂಪ್ ಬಾಟಲಿ ಸಾಕು, ಔಷಧಿಗೆ ಬಳಸದ ಹೊಸದು. ಒಂದು ಚಕ್ರಕ್ಕೆ ಅರ್ಧ ಲೀಟರ್, ನಾಲ್ಕಕ್ಕೆ ಎರಡು ಲೀಟರ್. ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಟ್ಟರೆ ಉಪ್ಪು ನೀರನ್ನು ತಳ್ಳಿಕೊಂಡು ಹೋಗುತ್ತದೆ. ಅದು ಒಣಗುವ ಮುಂಚೆಯೇ ಒರೆಸಬೇಕು.

ಶಿರಸಿ ಮಳೆ:

ಎರಡು ಲೀಟರ್ ಅಷ್ಟೇ ಆದರೆ ಮಳೆನೀರು ಹಿಡಿದಿಡಿ. ನಮ್ಮ ಕಡೆ ಅದಕ್ಕೆ ಕೊರತೆ ಇಲ್ಲ. ಮೊದಲ ಮಳೆಯ ನೀರು ಬಿಟ್ಟುಬಿಡಿ, ಸೂರಿನ ಧೂಳೆಲ್ಲ ಅದರಲ್ಲಿರುತ್ತದೆ. ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿ. ಬೇಸಿಗೆಯಲ್ಲಿ ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಅದು ಗಾಳಿಯ ತೇವ ತಣಿದು ಬಂದದ್ದು, ಉಪ್ಪಿನ ಅಂಶ ತೀರಾ ಕಡಿಮೆ.

ರಾಜಾಜಿನಗರ ಅಕ್ಕ:

ಇದು ಇಷ್ಟವಾಯಿತು. ನಮ್ಮ ಎಸಿ ಪೈಪಿನ ಕೆಳಗೆ ಇವತ್ತೇ ಕ್ಯಾನ್ ಇಟ್ಟೆ.

ಕುಂದಾಪುರ ಕಡಲು:

ನಮ್ಮ ಕಷ್ಟ ಬೇರೆ ತರಹ. ಕಡಲತೀರದಲ್ಲಿ ಗಾಳಿಯಲ್ಲೇ ಉಪ್ಪಿದೆ. ನನ್ನ ಡೈಮಂಡ್ ಕಟ್ ಅಲಾಯ್ ಮೇಲೆ ಹುಳ ಹರಿದ ಹಾಗೆ ಬಿಳಿ ಗೆರೆಗಳು ಬಂದಿವೆ. ತೊಳೆದರೂ ಹೋಗುತ್ತಿಲ್ಲ, ಉಗುರಿನಿಂದ ಕೆರೆದರೂ ಇಲ್ಲ. ವಿನೆಗರ್ ಹಚ್ಚಬಹುದಾ?

ತುಮಕೂರು ಗ್ಯಾರೇಜ್:

ಬೇಡ. ಅದು ಮೇಲಿನ ಕಲೆ ಅಲ್ಲ, ಲ್ಯಾಕರ್ ಅಡಿಯಲ್ಲಿ ಲೋಹ ಸವೆಯುತ್ತಿರುವುದು. ಎಲ್ಲೋ ಪದರ ಚೂರು ಎದ್ದಿದೆ, ಅಲ್ಲಿಂದ ಉಪ್ಪು ನೀರು ಒಳಗೆ ಹರಿದಿದೆ. ಡೈಮಂಡ್ ಕಟ್‌ನಲ್ಲಿ ಲೋಹವನ್ನು ಲೇಥಿನಲ್ಲಿ ಕೊರೆದು ಮೇಲೆ ಬರೀ ಲ್ಯಾಕರ್ ಹೊಡೆದಿರುತ್ತಾರೆ, ಕೆಳಗೆ ಬಣ್ಣ ಇರುವುದಿಲ್ಲ. ಹಾಗಾಗಿ ಈ ತೊಂದರೆ ಅದಕ್ಕೇ ಜಾಸ್ತಿ. ಲ್ಯಾಕರ್ ತೆಗೆದು, ಮತ್ತೆ ಕೊರೆದು, ಹೊಸ ಪದರ ಹೊಡೆಯಬೇಕು. ಪ್ರತಿ ಸಲ ಕೊರೆದಾಗಲೂ ಸ್ವಲ್ಪ ಲೋಹ ಹೋಗುತ್ತದೆ, ಹಾಗಾಗಿ ಪದೇ ಪದೇ ಮಾಡಿಸುವಂತಿಲ್ಲ. ಇನ್ನೂ ಗೆರೆ ಬಾರದ ಚಕ್ರಗಳನ್ನು ಕಾಪಾಡಿಕೊಳ್ಳಿ. ವಾರಕ್ಕೊಮ್ಮೆಯಾದರೂ ಸಿಹಿನೀರಿನಲ್ಲಿ ತೊಳೆದು ಒರೆಸಿ, ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿ.

ವಿನೆಗರ್ ಬೇಕಾಗುವುದು ಕೆಂಗೇರಿಯವರಿಗೆ. ಆರು ತಿಂಗಳ ಹಳೆಯ ಬಿಳಿ ಚುಕ್ಕೆ ಬರೀ ಸೋಪಿಗೆ ಬಿಡುವುದಿಲ್ಲ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಚುಕ್ಕೆಗಳ ಮೇಲೆ ಒಂದು ನಿಮಿಷ ಇಡಿ. ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ. ಪದರ ಎದ್ದ ಜಾಗ ಬಿಡಿ. ಆಮೇಲೆ ಚೆನ್ನಾಗಿ ತೊಳೆಯಿರಿ, ಅದೂ ಉಳಿಯಬಾರದು.

ಬಳ್ಳಾರಿ ಬಿಸಿಲು:

ಕಬ್ಬಿಣದ ಚುಕ್ಕೆಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ, ಬೇರೆಯವರಿಗೆ ಹೀಗಾಗಬಾರದು. ಐರನ್ ರಿಮೂವರ್ ಅಂತ ಸ್ಪ್ರೇ ಸಿಗುತ್ತದೆ. ಹೊಡೆದರೆ ಬ್ರೇಕ್ ಧೂಳು ಇರುವ ಕಡೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಕೆಳಗೆ ಇಳಿಯುತ್ತದೆ. ನೋಡಲು ಆಶ್ಚರ್ಯ. ನಾನು ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆಗೆ, ಹೊಸಪೇಟೆಗೆ ಹೋಗಿ ಬಂದ ಬಿಸಿ ಚಕ್ರಕ್ಕೇ ಹೊಡೆದೆ. ಫೋನ್ ಬಂತು, ಮಾತಾಡಿ ಬರುವಷ್ಟರಲ್ಲಿ ಒಣಗಿ ನೇರಳೆ ಗೆರೆಗಳು ಹಾಗೇ ಕೂತಿದ್ದವು. ಮತ್ತೆ ಅದೇ ಸ್ಪ್ರೇ ಹೊಡೆದು ಒದ್ದೆ ಮಾಡಿ, ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕಿ ತೆಗೆಯಲು ಒಂದೂವರೆ ಗಂಟೆ ಬೇಕಾಯಿತು. ನೆಲದ ಸಿಮೆಂಟಿನ ಮೇಲಿನ ಕಲೆ ಇನ್ನೂ ಇದೆ.

ನಮ್ಮ ಕಡೆ ಅದಿರಿನ ಲಾರಿಗಳ ಹಿಂದೆ ಹೋದರೆ ಚಕ್ರ ಕೆಂಪಾಗಿಯೇ ಮನೆಗೆ ಬರುತ್ತದೆ. ಆ ಧೂಳನ್ನು ಒಣಬಟ್ಟೆಯಲ್ಲಿ ಒರೆಸಲೇಬೇಡಿ, ಗೀರು ಬೀಳುತ್ತದೆ. ಮೊದಲು ನೀರಿನಲ್ಲಿ ನೆನೆಸಿ ಇಳಿಸಿ.

ರಸಾಯನ ಮೇಷ್ಟ್ರು:

ಆ ಸ್ಪ್ರೇಯಲ್ಲಿ ಇರುವುದು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಅನ್ನುವ ಲವಣ. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ದ್ರವದಲ್ಲೂ ಅದೇ ಗುಂಪಿನದು ಇರುತ್ತದೆ, ಅದಕ್ಕೇ ಆ ಕೊಳೆತ ಮೊಟ್ಟೆಯಂಥ ವಾಸನೆ. ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ಹಾಗೆ ಮಾಡುತ್ತದೆ. ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ ಅನ್ನುವಂಥ ನ್ಯೂಟ್ರಲ್ ಪಿಎಚ್‌ನದು ನೋಡಿ ತಗೊಳ್ಳಿ. ಚಕ್ರ ತಣ್ಣಗಿರಬೇಕು, ನೆರಳಿರಬೇಕು, ಗಾಳಿಯಾಡುವ ಜಾಗವಾಗಿರಬೇಕು. ಕೈಗವಸು ಬೇಕೇ ಬೇಕು. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಮಾತ್ರ, ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ. ಒಂದು ಚಕ್ರ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಪ್ರತಿ ವಾರ ಬೇಡ, ವರ್ಷಕ್ಕೆ ಮೂರು ನಾಲ್ಕು ಸಲ ಸಾಕು.

ಹಾಸನದ ಹುಡುಗಿ:

ಸ್ವಲ್ಪ ಬೇರೆ ಪ್ರಶ್ನೆ. ಆಯುಧಪೂಜೆಗೆ ಚಕ್ರಕ್ಕೆ ಅರಿಶಿನ ಕುಂಕುಮ ಇಟ್ಟಿದ್ದೆವು. ಬಿಳಿ ಬಣ್ಣದ ಅಲಾಯ್. ಮಾರನೆಯ ದಿನ ಸೋಪು ಹಾಕಿದ ಕೂಡಲೇ ಅರಿಶಿನ ಕೆಂಪಾಗಿ ಇನ್ನೂ ಜಾಸ್ತಿ ಕಾಣತೊಡಗಿತು. ಗಾಬರಿಯಾಗಿ ನಿಲ್ಲಿಸಿದೆ. ಅಮ್ಮನಿಗೆ ಪೂಜೆ ಮುಖ್ಯ, ನನಗೂ ಮುಖ್ಯ. ಆದರೆ ಕಲೆ ಉಳಿಯಬಾರದು.

ರಸಾಯನ ಮೇಷ್ಟ್ರು:

ಗಾಬರಿ ಬೇಡ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ, ಆರತಿಗೆ ಕೆಂಪು ನೀರು ಮಾಡುವುದೂ ಇದರಿಂದಲೇ. ಸೋಪು ಪೂರ್ತಿ ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ, ಕೆಲವು ದಿನದಲ್ಲಿ ಮಾಸುತ್ತದೆ. ಅಂಗಡಿ ಕುಂಕುಮದಲ್ಲಿ ಬೇರೆ ಬಣ್ಣ ಇರಬಹುದು, ಅದು ಅಷ್ಟು ಸುಲಭ ಅಲ್ಲ. ಮುಂದಿನ ವರ್ಷ ಪೂಜೆಗೆ ಮುಂಚೆ ಚಕ್ರಕ್ಕೆ ವ್ಯಾಕ್ಸ್ ಹಚ್ಚಿ. ಅಥವಾ ಬೊಟ್ಟನ್ನು ಟೈರಿನ ರಬ್ಬರಿಗೆ ಇಡಿ, ಅಮ್ಮ ಒಪ್ಪಿದರೆ.

ಹಾಸನದ ಹುಡುಗಿ:

ಒಪ್ಪಿದ್ದಾರೆ. ಟೈರಿಗೇ ಇಡೋಣ, ರಸ್ತೆ ಮುಟ್ಟುವುದು ಅದೇ ತಾನೇ ಅಂದರು.

ತುಮಕೂರು ಗ್ಯಾರೇಜ್:

ಇನ್ನು ಜಿಡ್ಡಿನ ವಿಷಯ, ಯಾರೂ ಕೇಳಿಲ್ಲ ಆದರೂ ಹೇಳುತ್ತೇನೆ. ಡಾಂಬರು ತೆಗೆಯಲು ಸೀಮೆಎಣ್ಣೆ ಹಚ್ಚುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಅದು ಡಾಂಬರು ಬಿಡಿಸುತ್ತದೆ, ಬದಲಿಗೆ ಎಣ್ಣೆಯ ಪೊರೆ ಬಿಡುತ್ತದೆ. ಆ ಪೊರೆಗೆ ಮರುದಿನವೇ ಧೂಳು ಅಂಟುತ್ತದೆ. ರಬ್ಬರಿಗೂ ಒಳ್ಳೆಯದಲ್ಲ. ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಇದು ಪ್ರಾಣದ ಮಾತು. ಡಬ್ಲ್ಯುಡಿ-40 ಅನ್ನುವ ಎಣ್ಣೆ ಸ್ಪ್ರೇ ಆದರೂ ಅಷ್ಟೇ, ಚಕ್ರಕ್ಕೆ ನೇರವಾಗಿ ಹೊಡೆಯಬೇಡಿ. ಬಟ್ಟೆಗೆ ತಗೊಂಡು ಡಾಂಬರಿನ ಮೇಲೆ ಮಾತ್ರ ಒತ್ತಿ, ಆಮೇಲೆ ಶಾಂಪೂ ಹಾಕಿ ತೊಳೆಯಿರಿ.

ಟೈರ್ ಪಾಲಿಶ್ ಕೂಡ ಹೀಗೆಯೇ. ಜಾಸ್ತಿ ಹಚ್ಚಿ ಗಾಡಿ ಓಡಿಸಿದರೆ ಸಿಡಿದು ಅಲಾಯ್ ಮೇಲೂ ಬಾಗಿಲ ಮೇಲೂ ಕಪ್ಪು ಚುಕ್ಕೆ. ಟೈರಿನ ಕಂದು ಬಣ್ಣ ಬ್ರಷ್‌ನಲ್ಲಿ ತಿಕ್ಕಿ ಮೊದಲು ತೆಗೆಯಿರಿ. ಆಮೇಲೆ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ. ನೆಲಕ್ಕೆ ತಾಗುವ ಭಾಗಕ್ಕೆ ಯಾವತ್ತೂ ಹಚ್ಚಬಾರದು.

ಚಕ್ರ ಅದುರದ ಹಾಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕದ ಅಂಟು ಒಳಭಾಗದಲ್ಲಿ ಕಪ್ಪಾಗಿ ಉಳಿದಿರುತ್ತದೆ. ಹಳೆಯ ಅಂಟನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಪ್ಲಾಸ್ಟಿಕ್ ಕಾರ್ಡಿನಲ್ಲಿ ಕೆರೆಯಿರಿ. ಹಾಕಿರುವ ತೂಕವನ್ನು ಮಾತ್ರ ಕೀಳಬೇಡಿ.

ಕೆಂಗೇರಿ ಸವಾರ:

ಎರಡು ಭಾನುವಾರ ಆದ ಮೇಲೆ ಬರೆಯುತ್ತಿದ್ದೇನೆ.

ಈ ಸಲ ಬಾಡಿಗಿಂತ ಮೊದಲು ಚಕ್ರಕ್ಕೆ ಕೈ ಹಾಕಿದೆ. ರಾತ್ರಿಯಿಡೀ ನಿಂತ ಗಾಡಿ, ಮುಟ್ಟಿದರೆ ತಣ್ಣಗಿತ್ತು. ಡ್ರಮ್ಮಿನ ನೀರಲ್ಲಿ ನೆನೆಸಿ ಧೂಳು ಇಳಿಸಿದೆ. ಶಾಂಪೂ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್. ಒಂದೊಂದೇ ಚಕ್ರ ಮುಗಿಸಿದೆ. ಹಳೆಯ ಚುಕ್ಕೆಗಳಿಗೆ ವಿನೆಗರ್ ಬಟ್ಟೆ ಇಟ್ಟೆ, ಎರಡು ಸಲ ಮಾಡಿದಾಗ ಮುಕ್ಕಾಲು ಪಾಲು ಹೋಯಿತು. ಕೊನೆಗೆ ಎಸಿ ನೀರು ಪಂಪ್ ಬಾಟಲಿಯಲ್ಲಿ.

ಬನಿಯನ್ ಬದಲು ಮೈಕ್ರೋಫೈಬರ್ ತಂದೆ. ಮೊದಲ ವಾರ ಅದನ್ನು ಬಟ್ಟೆಗಳ ಜೊತೆ ಮೃದು ಮಾಡುವ ದ್ರವ ಹಾಕಿ ಒಗೆದುಬಿಟ್ಟಿದ್ದೆ, ನೀರು ಹೀರದೆ ಗೆರೆ ಬಿಟ್ಟಿತು. ಆ ದ್ರವ ಇಲ್ಲದೆ ಮತ್ತೆ ಒಗೆದ ಮೇಲೆ ಸರಿಯಾಯಿತು.

ಒಂದು ವಿಷಯ ನಾನೇ ಕಂಡುಕೊಂಡೆ. ಎಷ್ಟು ಒರೆಸಿದರೂ ನಟ್ಟಿನ ಗುಂಡಿಯಿಂದ ನೀರು ಇಳಿಯುತ್ತಲೇ ಇತ್ತು. ಆಗ ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಂದೆ. ಮೇಲಿದ್ದ ಗುಂಡಿ ಕೆಳಗೆ ಬಂತು, ಒಳಗಿನ ನೀರೆಲ್ಲ ಸುರಿಯಿತು. ಆಮೇಲೆ ಕಾಂಪೌಂಡಿನಲ್ಲಿ ಒಂದು ಸುತ್ತು ಹಾಕಿ ಬಂದು, ಒಳಗಿಂದ ಸಿಡಿದ ಹನಿಗಳನ್ನು ಇನ್ನೊಮ್ಮೆ ಒರೆಸಿದೆ. ಇವತ್ತು ಗುರುವಾರ, ಬಿಳಿ ಗೆರೆ ಒಂದೂ ಇಲ್ಲ. ಮನಸ್ಸಿಗೆ ಎಷ್ಟು ಸಮಾಧಾನ ಅಂತ ಹೇಳಲಾರೆ.

ಡ್ರಮ್ಮಿನ ಪಕ್ಕ ಒಂದು ಚೀಟಿಯನ್ನೂ ಅಂಟಿಸಿದ್ದೇನೆ: "ಈ ನೀರಲ್ಲಿ ತೊಳೆಯಿರಿ, ಒಣಗಲು ಬಿಡಬೇಡಿ." ಹಿಂದಿನ ಎಡ ಚಕ್ರದ ಒಳಗಡೆ ಕಂದು ಚುಕ್ಕೆ ಇನ್ನೂ ಇವೆ, ಮುಂದಿನ ವಾರ ಐರನ್ ರಿಮೂವರ್ ತರುತ್ತೇನೆ. ಆದರೆ ತೊಳೆದ ಮಾರನೆಯ ದಿನ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕಂಡಿತು. ಏನಾದರೂ ತಪ್ಪು ಮಾಡಿದೆನಾ?

ತುಮಕೂರು ಗ್ಯಾರೇಜ್:

ತಪ್ಪಿಲ್ಲ. ಡಿಸ್ಕ್ ಬರಿಯ ಕಬ್ಬಿಣ, ನೀರು ತಾಗಿ ಒಂದು ರಾತ್ರಿ ನಿಂತರೆ ತೆಳು ತುಕ್ಕು ಬರುತ್ತದೆ. ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಆದರೆ ಆ ಕಿತ್ತಳೆ ಪುಡಿ ನಿಮ್ಮ ಹೊಸದಾಗಿ ತೊಳೆದ ಅಲಾಯ್ ಮೇಲೇ ಕೂರುತ್ತದಲ್ವಾ? ಹಾಗಾಗಿ ತೊಳೆದ ದಿನವೇ ಆ ಒಂದು ಸುತ್ತಿನಲ್ಲಿ ಹಿಂದೆ ಮುಂದೆ ನೋಡಿಕೊಂಡು, ನಿಧಾನಕ್ಕೆ ಐದಾರು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ, ಆಮೇಲೆ ನಿಲ್ಲಿಸಿ. ಬೇಸ್‌ಮೆಂಟ್ ಸಮತಟ್ಟಾಗಿದ್ದರೆ ಆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಡಿ. ಎಳೆದಿಟ್ಟರೆ ಒದ್ದೆ ಇರುವ ಹಿಂದಿನ ಬ್ರೇಕ್ ಬೆಳಗಾಗುವಷ್ಟರಲ್ಲಿ ಹಿಡಿದುಕೊಳ್ಳಬಹುದು.